ವಸ್ತಿ ವಿಮಾನ

ಎರಡು ಸಾವಿರದ ಮೂರನೇ ಇಸವಿಯಲ್ಲಿ ನನ್ನ ಗಂಡ ಅಮರ ಒಟ್ಟು ಮೂವತ್ತೇಳು ವಿಮಾನಗಳಿಗೆ ಬಣ್ಣ ಹಚ್ಚಿದ. ಅದೇ ವರ್ಷ ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ಗೋಡೆಗೆ ಒಂದು ಕೈ ಸುಣ್ಣ ಹೊಡೆಸಿ ಎಂದು ನಾನು ಯುಗಾದಿಯಿಂದ ಗೋಗರೆಯುತ್ತಿದ್ದೆ. ಗೋಡೆ ಹಾಗೆಯೇ ಉಳಿಯಿತು. ನಾನು ಜೇಲಿಗೆ ಹೆಸರಾದ ಹಿಂಡಲಗಾದವಳು. ಊರ ಹೆಸರು ಹೇಳಿದರೆ ಸಾಕು, 'ಜೇಲಿನ ಒಳಗೋ ಹೊರಗೋ' ಎಂದು ಕೇಳಿ ಜನ ಹಲ್ಲು ಕಿಸಿಯುತ್ತಾರೆ. ಅಂಥವರಿಗೆ ಉತ್ತರ ಕೊಟ್ಟು ಕೊಟ್ಟೇ ನನ್ನ ನಾಲಿಗೆ ಹರಿತವಾದದ್ದು. ಆದರೆ ಇಲ್ಲದ ವಿಮಾನಕ್ಕೆ ಬಣ್ಣ ಹಚ್ಚುವ ಗಂಡನಿಗೆ ಏನು ಹೇಳಬೇಕೆಂದು ಆ ನಾಲಿಗೆಗೂ ತಿಳಿಯಲಿಲ್ಲ.

ಕಂಪ್ಯೂಟರ್ ತಂದದ್ದು ಅವನ ಸೊಸೈಟಿಯ ಕೆಲಸವನ್ನು ಮನೆಯಲ್ಲೂ ಮಾಡಲಿಕ್ಕೆ ಎಂದು. ಮೂರನೇ ದಿನಕ್ಕೆ ಅದರೊಳಗೆ ವಿಮಾನ ಹಾರಿಸುವ ಆಟ ಬಂದು ಕೂತಿತು. ಆಟದಲ್ಲಿ ಒಂದು ವಿಮಾನವನ್ನು ನಾವು ನಡೆಸಬೇಕು. ಸುತ್ತಮುತ್ತ ಏರಿ ಇಳಿಯುವ ಉಳಿದ ವಿಮಾನಗಳನ್ನು ಕಂಪ್ಯೂಟರೇ ನಡೆಸುತ್ತದೆ. ಆ ಉಳಿದವುಗಳ ಮೈಮೇಲೆ ಜಗತ್ತಿನಲ್ಲಿ ಎಲ್ಲೂ ಇಲ್ಲದ ಕಂಪನಿಗಳ ಹೆಸರು. ಇದು ಅಮರನಿಗೆ ಸಹಿಸಲಾಗಲಿಲ್ಲ.

"ಮುಂಬೈ ಸ್ಟ್ಯಾಂಡಿನ್ಯಾಗ ನಮ್ಮ ದೇಶದ ಒಂದ ಗಾಡಿ ಇಲ್ಲಂದ್ರ ಏನ್ ಮರ್ಯಾದಿ ಮನಿಷಾ?" ಎಂದು ನನ್ನನ್ನೇ ಕೇಳಿದ, ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಎನ್ನುವ ಹಾಗೆ.

ವಿಮಾನ ನಿಲ್ದಾಣಕ್ಕೆ ಸ್ಟ್ಯಾಂಡು, ವಿಮಾನಕ್ಕೆ ಗಾಡಿ ಎನ್ನುವುದು ಈ ಮನೆಯ ರೂಢಿ. ಅಪ್ಪ ಮೂವತ್ತು ವರ್ಷ ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರೆ ಮಗನ ಬಾಯಲ್ಲಿ ಬೇರೆ ಏನು ಬಂದೀತು? ನಮ್ಮ ಮನೆತನದಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ.

ಬಣ್ಣ ಹಚ್ಚುವ ಕೆಲಸ ಹೀಗೆ. ವಿಮಾನದ ಮೈಯನ್ನು ಪರದೆಯ ಮೇಲೆ ಬಿಚ್ಚಿ ಹರವುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಕುರಿ ಸುಲಿದು ತೊಗಲು ಹರವಿದ ಹಾಗೆ ಕಂಡಿತು. ನಾವು ಕುರಿ ಸಾಕಿದ ಮಂದಿ, ನಮಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ. ಆ ತೊಗಲಿನ ಮೇಲಿನ ಹಳೆಯ ಹೆಸರು ಅಳಿಸಿ, ಪತ್ರಿಕೆಯ ಜಾಹೀರಾತು ನೋಡಿಕೊಂಡು ನಮ್ಮ ಕಂಪನಿಗಳ ಬಣ್ಣದ ಪಟ್ಟಿ, ಬಾಲದ ಚಿತ್ರ ಎಲ್ಲವನ್ನೂ ಮೌಸಿನಿಂದ ತಿದ್ದಬೇಕು. ಒಂದು ಬಾಲಕ್ಕೆ ಎರಡು ದಿನ. ಅದರಲ್ಲೂ ಒಂದು ಫಜೀತಿ: ತೊಗಲು ಒಂದೇ, ಮಗ್ಗಲು ಎರಡು. ಎಡಗಡೆ ನೆಟ್ಟಗೆ ಬರೆದ ಹೆಸರು ಬಲಗಡೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರುತ್ತಿತ್ತು.

"ಬಲಗಡೆ ಬಾಜು ನಿಂತವ್ರು ಇದು ಯಾವ ಕಂಪನಿ ಅಂತ ಹೆಂಗ ತಿಳ್ಕೋಬೇಕ್ರಿ?" ಎಂದು ಕೇಳಿದೆ.

"ಎಡಗಡೆ ಬಂದು ನಿಂದ್ರಬೇಕು" ಎಂದ.

ಬಣ್ಣ ಹಚ್ಚಿದರೆ ಮುಗಿಯಲಿಲ್ಲ. ಯಾವ ವಿಮಾನ ಎಷ್ಟು ಗಂಟೆಗೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಎಂದು ಕಂಪ್ಯೂಟರಿಗೆ ಬರೆದುಕೊಡಬೇಕು. ಸೋಮವಾರ ಎಲ್ಲಿಂದ ಹೊರಟಿತೋ ಮುಂದಿನ ಸೋಮವಾರದೊಳಗೆ ಅಲ್ಲಿಗೇ ಮರಳಬೇಕು. ಲೆಕ್ಕ ತಪ್ಪಿದರೆ ಆ ವಿಮಾನ ಮಾಯ. ಅಮರ ಬರೆದದ್ದರಲ್ಲಿ ಪ್ರತಿ ಭಾನುವಾರ ಹನ್ನೆರಡು ವಿಮಾನ ಮಾಯವಾಗುತ್ತಿದ್ದವು. ಹೀಗೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಹಿಂದಿನಿಂದ ಮಾವನವರ ದನಿ ಬಂತು.

"ಇದೇನೋ?"

"ಟೈಮ್ ಟೇಬಲ್ ಅಪ್ಪಾ."

"ಇದಕ್ಕ ಟೈಮ್ ಟೇಬಲ್ ಅಂತಾರ? ಮುಂಬೈಕ್ಕ ಹತ್ತಕ್ಕ ಮುಟ್ಟೂ ಗಾಡಿ ಹತ್ತಕ್ಕ ಡೆಲ್ಲಿಗೆ ಬಿಡ್ತೈತಿ. ಡ್ರೈವರ್ ಚಹಾ ಕುಡಿಯೂದು ಯಾವಾಗ? ಏಳು, ಬಾಜೂಕ ಸರಿ."

ನನ್ನ ಮಾವ ನಾಗಲಿಂಗಪ್ಪ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಆದರೆ ಕಂಟ್ರೋಲರ್ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿ ಮನೆಯದನ್ನೆಲ್ಲ ಕಾಲಂ ಹಾಕಿ ಬರೆಯುತ್ತಿದ್ದರು: ಬರಬೇಕಾದ ವೇಳೆ, ಬಂದ ವೇಳೆ, ತಡಕ್ಕೆ ಕಾರಣ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಅದನ್ನು ತೆರೆದು ನೋಡಿದರೆ, 'ಚಹಾ. 6.30. ಬಂದದ್ದು 6.41. ಕಾರಣ: ಸೊಸಿ' ಎಂದಿತ್ತು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಸೊಸಿಯನ್ನು ಹೊಡೆದು ಹಾಕಿ 'ಗ್ಯಾಸ್' ಎಂದು ತಿದ್ದಿದರು.

"ಕಾರಣ ಅನ್ನೂ ಕಾಲಂದಾಗ ಎಂದಾದ್ರೂ ಕಂಟ್ರೋಲರ್ ಅಂತ ಬರ್ದೀರೇನ್ರಿ ಮಾವಾರ?" ಎಂದು ಆಗ ಕೇಳಿದ್ದೆ.

"ಡ್ರೈವರ್ ಇರ್ತಾನ, ಪಂಕ್ಚರ್ ಇರ್ತೈತಿ, ಮಳಿ ಇರ್ತೈತಿ. ಕಂಟ್ರೋಲರ್‌ನಿಂದ ಗಾಡಿ ತಡ ಆಗಂಗಿಲ್ಲವಾ" ಎಂದಿದ್ದರು. ಅದನ್ನು ಹೇಳುವಾಗ ಅವರ ಎದೆ ಎರಡು ಇಂಚು ಉಬ್ಬಿದ್ದು ನನಗಿನ್ನೂ ನೆನಪಿದೆ.

ಮಾವನವರು ಟೈಮ್ ಟೇಬಲ್ ಕೈಗೆ ತೆಗೆದುಕೊಂಡ ದಿನದಿಂದ ನಮ್ಮ ಮನೆಯಲ್ಲಿ ಎರಡು ಇಲಾಖೆಗಳಾದವು. ಬಣ್ಣ ಮಗನದು, ವೇಳೆ ಅಪ್ಪನದು. ಮಾವನವರು ಕಾಗದದ ಮೇಲೆ ಗೆರೆ ಎಳೆದು ದೇಶದ ವಿಮಾನಗಳನ್ನೆಲ್ಲ ಹದಿನೈದು ದಿನದಲ್ಲಿ ಶಿಸ್ತಿಗೆ ತಂದರು. ಒಂದೂ ಮಾಯವಾಗಲಿಲ್ಲ. ಅಪ್ಪ ಮಗ ಇಬ್ಬರೂ ಚುರಮುರಿ ತಿನ್ನುತ್ತ, ಮುಂಬೈ ಸ್ಟ್ಯಾಂಡಿನಲ್ಲಿ ಬಣ್ಣಬಣ್ಣದ ನಮ್ಮ ವಿಮಾನಗಳು ಸಾಲಾಗಿ ಹೊರಡುವುದನ್ನು ನೋಡುತ್ತ ಕೂರುತ್ತಿದ್ದರು. ಅದಕ್ಕೆ ಮೊದಲು ಅವರಿಬ್ಬರೂ ಊಟಕ್ಕೆ ಬಾ, ಬಂದೆ ಎನ್ನುವುದರಾಚೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಸುಣ್ಣದ ಸಿಟ್ಟು ಸ್ವಲ್ಪ ಇಳಿಯಿತು.

ಒಂದೇ ಒಂದು ಎಡವಟ್ಟಾಯಿತು, ಅದು ನಮ್ಮ ಸಾಂಬ್ರಾದಲ್ಲಿ. ಬೆಳಗಾವಿಯ ಈ ವಿಮಾನ ನಿಲ್ದಾಣದಲ್ಲಿ ಆಗ ಎಮ್ಮೆ ಮೇಯುವ ಸದ್ದೇ ಹೆಚ್ಚು. ಆಟದಲ್ಲೂ ಅಲ್ಲಿ ನಿಲ್ಲಲು ಬರೀ ನಾಲ್ಕು ಜಾಗ. ಮಾವನವರು ಹನ್ನೊಂದು ವಿಮಾನಗಳಿಗೆ ಸಾಂಬ್ರಾದಲ್ಲಿ ವಸ್ತಿ ಹಾಕಿಬಿಟ್ಟಿದ್ದರು.

ವಸ್ತಿ ಎಂದರೆ ಬಸ್ಸು ಇರುಳು ಊರಲ್ಲೇ ತಂಗುವುದು. ಸಂಜೆ ಬರುತ್ತದೆ, ಡ್ರೈವರ್ ಕಂಡಕ್ಟರ್ ಊರವರು ಕೊಟ್ಟ ರೊಟ್ಟಿ ತಿಂದು ಮಲಗುತ್ತಾರೆ, ನಸುಕಿನಲ್ಲಿ ಅದೇ ಬಸ್ಸು ಪೇಟೆಗೆ ಹೊರಡುತ್ತದೆ. ವಸ್ತಿ ಬಸ್ಸಿದ್ದ ಊರಿನ ಹುಡುಗರು ಕಾಲೇಜಿಗೆ ಹೋಗುತ್ತಾರೆ, ಹಾಲು ಪೇಟೆಗೆ ಹೋಗುತ್ತದೆ. ಇಲ್ಲದ ಊರು ಹತ್ತು ಗಂಟೆಗೆ ಕಣ್ಣು ಬಿಡುತ್ತದೆ.

"ಅಪ್ಪಾ, ಸಿಂಗಾಪುರದ ಜಂಬೋಕ್ಕ ಸಾಂಬ್ರಾದಾಗ ಯಾಕ ವಸ್ತಿ?" ಎಂದು ಅಮರ ಕೇಳಿದ.

"ಬೆಳಿಗ್ಗೆ ಆರಕ್ಕ ಬೆಳಗಾವಿಂದ ಸಿಂಗಾಪುರಕ್ಕ ಹೋಗೂ ಮಂದಿ ಏನ್ ಮಾಡಬೇಕು?"

"ಅಂಥ ಮಂದಿ ಯಾರದಾರ?"

"ಗಾಡಿ ಇಲ್ಲ, ಅದಕ್ಕ ಮಂದಿ ಇಲ್ಲ. ಗಾಡಿ ಹಾಕಿ ನೋಡು, ಮಂದಿ ಹುಟ್ಟತಾರ."

ಜಾಗ ಸಿಗದ ವಿಮಾನ ಮೂರು ಸುತ್ತು ಹೊಡೆದು ಮಾಯವಾಗುತ್ತದೆ, ಏಳನ್ನಾದರೂ ತೆಗೆಯಲೇಬೇಕು ಎಂದು ಅಮರ ಕೈ ಮುಗಿದ. ಮಾವನವರು ಮುಖ ಗಂಟು ಹಾಕಿಕೊಂಡು ಏಳನ್ನು ತೆಗೆದರು. ನಾಲ್ಕು ಉಳಿದವು. ವಯಸ್ಸಾದವರ ಊರಭಿಮಾನ ಎಂದು ನಾನು ನಕ್ಕು ಸುಮ್ಮನಾದೆ.

ಅಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ಅಮರನ ಅಕ್ಕ ಪ್ರಮಿಳಾಳ ಮಗಳು ಮಾಯಕ್ಕ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಪ್ರಮಿಳಾಳನ್ನು ಕೊಟ್ಟಿದ್ದು ಸೋದರ ಸಂಬಂಧದಲ್ಲೇ. ಹೀಗಾಗಿ ಅವಳು ತವರಾದ ಹೊಳೆಮಡ್ಡಿಯಲ್ಲೇ, ನನ್ನ ಮಾವನವರ ಹಳೆಯ ಮನೆಯಲ್ಲೇ ಸಂಸಾರ ಹೂಡಿದ್ದಳು. ಹೊಳೆಮಡ್ಡಿ ಇರುವುದು ಖಾನಾಪುರದಿಂದ ಕಣಕುಂಬಿ ಕಡೆಯ ಕಾಡಿನಲ್ಲಿ. ಸಂಜೆ ಏಳೂವರೆಗೆ ಒಂದು ಬಸ್ಸು ಬರುತ್ತದೆ, ಬಂದ ಕಾಲಲ್ಲೇ ಖಾಲಿಯಾಗಿ ಮರಳುತ್ತದೆ. ಬೆಳಿಗ್ಗೆ ಮೊದಲ ಬಸ್ಸು ಹತ್ತೂವರೆಗೆ. ಖಾನಾಪುರದ ಕಾಲೇಜು ಶುರುವಾಗುವುದು ಎಂಟಕ್ಕೆ. ನಸುಕಿನಲ್ಲಿ ಐದು ಕಿಲೋಮೀಟರ್ ನಡೆದು ದೊಡ್ಡ ರಸ್ತೆ ಮುಟ್ಟಬೇಕೆಂದರೆ ನಡುವೆ ಕರಡಿಗಳ ಹಾದಿ.

ಪ್ರಮಿಳಾಳ ಗಂಡ ಕೆಟ್ಟವನಲ್ಲ, ಆದರೆ ಅವಸರದ ಮನುಷ್ಯ. ಜೂನ್ ಇಪ್ಪತ್ತಕ್ಕೆ ಪ್ರವೇಶದ ಕೊನೆಯ ದಿನ. ಅಷ್ಟರಲ್ಲಿ ಬಸ್ಸಿನ ದಾರಿ ಆಗದಿದ್ದರೆ ಮಾಯಕ್ಕನಿಗೆ ಬಂದ ನಿಪ್ಪಾಣಿ ಕಡೆಯ ಸಂಬಂಧಕ್ಕೆ ಹೂಂ ಅನ್ನುತ್ತೇನೆ ಎಂದುಬಿಟ್ಟ. ನಾನು ಮಾಯಕ್ಕನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡು ಬೆಳಗಾವಿಯಲ್ಲೇ ಓದಿಸುತ್ತೇನೆ ಎಂದೆ. ಹುಡುಗಿ ಒಪ್ಪಲಿಲ್ಲ.

"ಅತ್ತಿ, ನಮ್ಮೂರಾಗ ನಾಕು ಹುಡುಗ್ಯಾರು ಪಾಸಾಗೇವಿ. ನಾ ಒಬ್ಬಾಕಿ ಇಲ್ಲಿ ಬಂದ್ರ ಉಳದ ಮೂರು ಮಂದಿಗೆ ಯಾವ ಅತ್ತಿ ಅದಾರ?"

ಹುಡುಗಿಯನ್ನು ನೋಡಿ ಹೆಮ್ಮೆಯೆನಿಸಿತು.

ಮಾವನವರು ಡಿಪೋಕ್ಕೆ ಅರ್ಜಿ ಬರೆದರು. ಇದು ಹೊಸದೇನಲ್ಲ, ಎಷ್ಟೋ ವರ್ಷಗಳಿಂದ ಹೊಳೆಮಡ್ಡಿಗೆ ವಸ್ತಿ ಬೇಕೆಂದು ಬರೆಯುತ್ತಲೇ ಇದ್ದರು. ಪ್ರತಿ ಸಲವೂ 'ಪರಿಶೀಲಿಸಲಾಗುವುದು' ಎಂಬ ಉತ್ತರ. ಈ ಸಲ ಅವರಿಗೊಂದು ವಿಚಾರ ಹೊಳೆಯಿತು. "ಕಾಗದ ತೋರ್ಸಿದ್ರ ತಿಳಿಯಂಗಿಲ್ಲ. ಗಾಡಿ ನಡೆಸಿ ತೋರ್ಸೂಣು" ಎಂದರು.

ಅಮರ ಒಂದು ವಿಮಾನದ ತೊಗಲನ್ನು ಪೂರ್ತಿ ಕೆಂಪು ಬಸ್ಸಿನ ಬಣ್ಣಕ್ಕೆ ತಿರುಗಿಸಿದ. ಕಿಟಕಿ ಕೆಳಗೆ ಬಿಳಿ ಪಟ್ಟಿ, ಮಗ್ಗಲಿಗೆ ಬೋರ್ಡು: 'ಖಾನಾಪುರ–ಹೊಳೆಮಡ್ಡಿ ವಸ್ತಿ'. ಬಲಮಗ್ಗಲಲ್ಲಿ ಅದು ಯಥಾಪ್ರಕಾರ ಉಲ್ಟಾ. "ಇರ್ಲಿ ಬಿಡು, ಆ ಕಡೆ ಬೋರ್ಡ್ ಮರಳಿ ಹೋಗೂದಕ್ಕ ಆಗ್ತೈತಿ" ಎಂದರು ಮಾವನವರು. ಆಟದಲ್ಲಿ ಹೊಳೆಮಡ್ಡಿ ಎಲ್ಲಿಂದ ಬರಬೇಕು? ಸಾಂಬ್ರಾವನ್ನೇ ಹೊಳೆಮಡ್ಡಿ ಎಂದೂ ಗೋವಾವನ್ನು ಖಾನಾಪುರ ಎಂದೂ ತಿಳಿಯಬೇಕೆಂದು ತೀರ್ಮಾನವಾಯಿತು. ಗೋವೆಯವರ ಅಭಿಪ್ರಾಯ ಯಾರೂ ಕೇಳಲಿಲ್ಲ.

ಜೂನ್ ಎಂಟು, ಭಾನುವಾರ. ಮಧ್ಯಾಹ್ನಕ್ಕೆ ಡಿಪೋ ಮ್ಯಾನೇಜರ್ ಬಿಂದುಮಾಧವ ಕುಲಕರ್ಣಿಯವರು ಬಂದರು. ಒಂದು ಕಾಲಕ್ಕೆ ಮಾವನವರ ಕೈಕೆಳಗೆ ಗುಮಾಸ್ತರಾಗಿದ್ದವರು, ಈಗ ಸಾಹೇಬರು. ಮೆತ್ತಗಿನ ಮನುಷ್ಯ. ಕಂಕುಳಲ್ಲಿ ಒಂದು ಹಳೆಯ ಫೈಲು ಇತ್ತು. ಹಿಂದಿನ ದಿನವೇ ಪ್ರಮಿಳಾ, ಮಾಯಕ್ಕ ಬಂದು ನಮ್ಮಲ್ಲಿ ಉಳಿದಿದ್ದರು, ಯಾಕೆಂದರೆ ಅದೇ ದಿನ ಮಧ್ಯಾಹ್ನದೊಳಗೆ ಬಂದು ಮುಟ್ಟಲು ಬಸ್ಸಿಲ್ಲ. ಅವಲಕ್ಕಿ, ಚಹಾ ಆಯಿತು. ಚಹಾ ಎರಡು ನಿಮಿಷ ಮೊದಲೇ ಕೊಟ್ಟೆ.

ಅಮರ ಆಟದ ಗಡಿಯಾರವನ್ನು ಸಂಜೆ ಏಳೂಕಾಲಿಗೆ ತಿರುಗಿಸಿದ. ಮಾವನವರು ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕ! ಖಾನಾಪುರದಿಂದ ಹೊಳೆಮಡ್ಡಿಗೆ ಬರೂ ವಸ್ತಿ ಗಾಡಿ ಇನ್ನ ಸ್ವಲ್ಪ ಹೊತ್ತಿನ್ಯಾಗ ಬರ್ತೈತಿ!" ಎಂದು ಕೂಗಿದರು. ಪಕ್ಕದ ಮನೆಯ ನಾಯಿ ಬೊಗಳಿತು.

ಬಂತು ನೋಡಿ. ಕಿತ್ತಳೆ ಬಣ್ಣದ ಆಕಾಶದಲ್ಲಿ ಕೆಂಪಗಿನ ನಮ್ಮ ವಿಮಾನ ದೀಪ ಹಚ್ಚಿಕೊಂಡು ಬಂದೇ ಬಂತು. ಮಾಯಕ್ಕ ಚಪ್ಪಾಳೆ ತಟ್ಟಿದಳು. ಇನ್ನೇನು ನೆಲ ಮುಟ್ಟಬೇಕು, ಮೂತಿ ಮೇಲೆತ್ತಿ ಹೊರಟುಹೋಯಿತು. ಸುತ್ತು ಹೊಡೆದು ಮತ್ತೆ ಬಂತು, ಮತ್ತೆ ಹೋಯಿತು. ಮೂರನೇ ಸಲ ಬೋರ್ಡಿನ ಉಲ್ಟಾ ಮಗ್ಗಲು ತೋರಿಸಿ ಮಾಯವಾಯಿತು.

"ಏನಾತೋ?" ಮಾವನವರ ದನಿ ಸಣ್ಣಗಾಗಿತ್ತು.

ಅಮರ ಪರದೆಯನ್ನು ಸಾಂಬ್ರಾದ ನೆಲಕ್ಕೆ ತಿರುಗಿಸಿದ. ನಾಲ್ಕೂ ಜಾಗ ಭರ್ತಿ. ಸಿಂಗಾಪುರದ ಜಂಬೋ ಮುಂದಿನ ಸಾಲಿನಲ್ಲಿ ಅತ್ತೆಯ ಹಾಗೆ ಕೂತಿತ್ತು. "ನಿಮ್ಮ ವಸ್ತಿ ಗಾಡಿಗೋಳು ಅಪ್ಪಾ. ಜಾಗಾ ಇಲ್ಲ" ಎಂದ.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಕುಲಕರ್ಣಿಯವರು ನಗಲಿಲ್ಲ.

"ಕಂಟ್ರೋಲರ್ ಸಾಹೇಬ್ರ, ನನ್ನ ಅಡಚಣಿನೂ ಇದ ಅದ ನೋಡ್ರಿ. ಗಾಡಿ ಅದ, ಡೀಸೆಲ್ ಅದ. ಜಾಗಾ ಇಲ್ಲ ಅಂತ ಫೈಲ್ ಹೇಳ್ತದ. ಈ ಕಾಗದ ಮ್ಯಾಲೆ ಇರೂತನಕ ಯಾವ ಮ್ಯಾನೇಜರ್ ಬಂದ್ರೂ ಸಹಿ ಹಾಕೂದಿಲ್ಲ" ಎಂದು ಫೈಲು ತೆರೆದು ಮೇಜಿನ ಮೇಲಿಟ್ಟರು.

"ಯಾವ ಹಲ್ಕಟ್ ಬರ್ದಾನ್ರಿ ಅದನ್ನ?" ಎಂದು ನಾನೇ ಬಾಯಿ ಹಾಕಿದೆ. ಕುಲಕರ್ಣಿಯವರು ನೆಲ ನೋಡಿದರು. ಮಾವನವರು ಗೋಡೆ ನೋಡಿದರು.

ಫೈಲಿನ ಹತ್ತಿರ ಇದ್ದವಳು ಪ್ರಮಿಳಾ. ಒಂಬತ್ತನೇ ಇಯತ್ತೆಯವರೆಗೆ ಓದಿದವಳು, ಬೆರಳಿಟ್ಟು ನಿಧಾನವಾಗಿ ಓದಿದಳು. "ಸದರಿ ಹೊಳೆಮಡ್ಡಿ ಗ್ರಾಮದಲ್ಲಿ ಚಾಲಕ ಹಾಗೂ ನಿರ್ವಾಹಕರಿಗೆ ತಂಗಲು ಯೋಗ್ಯ ಸ್ಥಳವಿರುವುದಿಲ್ಲ. ಊಟದ ವ್ಯವಸ್ಥೆ ಇರುವುದಿಲ್ಲ. ಆದ್ದರಿಂದ ಸದರಿ ವಸ್ತಿಯನ್ನು ರದ್ದುಪಡಿಸಲು ಶಿಫಾರಸು ಮಾಡಿದೆ. ಹನ್ನೊಂದು, ಆರು, ಎಂಬತ್ನಾಕು." ಅವಳ ಬೆರಳು ಕೆಳಗಿಳಿದು ನಿಂತಿತು. ಗುಂಡಗೆ, ಮುತ್ತಿನಂಥ ಅಕ್ಷರದಲ್ಲಿ ಸಹಿ ಇತ್ತು: ನಾಗಲಿಂಗಪ್ಪ, ಕಂಟ್ರೋಲರ್.

ಪ್ರಮಿಳಾ ಆ ಸಹಿಯನ್ನೇ ನೋಡುತ್ತಿದ್ದಳು.

"ಅಪ್ಪಾ, ಸಹಿ ಭಾಳ ಚಲೋ ಐತಿ" ಎಂದಳು.

ಮಾವನವರು ಕುರ್ಚಿಗೆ ಕುಸಿದರು. ಆಮೇಲೆ ಅವರೇ ಹೇಳಿದರು, ನಡುನಡುವೆ ನಿಲ್ಲಿಸಿ. ಆಗ ವಸ್ತಿಗಾಗಿ ಐದು ಊರವರು ಬಡಿದಾಡುತ್ತಿದ್ದರಂತೆ. ಕಂಟ್ರೋಲರ್ ಬಸ್ಸನ್ನು ತನ್ನ ಮನೆ ಅಂಗಳದಲ್ಲಿ ಕಟ್ಟಿಕೊಂಡಿದ್ದಾನೆ ಎಂದು ಸ್ಟ್ಯಾಂಡಿನಲ್ಲಿ ಮಂದಿ ಆಡಿಕೊಂಡರಂತೆ. ಆ ಬಾಯಿಗಳನ್ನು ಮುಚ್ಚಿಸಲು ತಮ್ಮ ಊರಿನ ವಸ್ತಿಯನ್ನೇ ಕಿತ್ತರು. ಎಲ್ಲರೂ ಹೊಗಳಿದರು. ಆ ವರ್ಷ ಪ್ರಮಿಳಾ ಒಂಬತ್ತನೇ ಇಯತ್ತೆ ಮುಗಿಸಿದ್ದಳು. ಹತ್ತನೆಯದು ಆಗ ಖಾನಾಪುರದಲ್ಲಷ್ಟೇ ಇತ್ತು.

"ಆವಾಗೂ ನಮ್ಮ ಪಡಸಾಲಿ ಇತ್ತಲ್ಲಪ್ಪಾ?" ಪ್ರಮಿಳಾ ಕೇಳಿದಳು. "ಇಬ್ಬರು ಮಕ್ಕೊಳ್ಳಾಕ ಸಾಲತಿರಲಿಲ್ಲೇನು?"

"ಇತ್ತು" ಎಂದರು. "ಸಾಲತಿತ್ತು."

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಪರದೆಯ ಮೇಲೆ ಸಾಂಬ್ರಾದ ಆ ನಾಲ್ಕು ವಿಮಾನಗಳು ಹಾಗೇ ನಿಂತಿದ್ದವು. ಅದು ಊರಭಿಮಾನವಲ್ಲ ಎಂದು ನನಗೆ ಆಗ ಗೊತ್ತಾಯಿತು. ಒಂದು ಊರಿಗೆ ತಪ್ಪಿಸಿದ್ದನ್ನು ಮನುಷ್ಯ ಇನ್ನೊಂದು ಊರಿಗೆ, ಅದೂ ಸುಳ್ಳು ಊರಿಗೆ, ಜಂಬೋ ಸಮೇತ ತುಂಬಿಕೊಡುತ್ತಿದ್ದರು. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೂ ಅವರ ಮೇಲೆ ಸಿಟ್ಟೂ ಇತ್ತು, ಅದನ್ನೇಕೆ ಮುಚ್ಚಿಡಲಿ.

ಕುಲಕರ್ಣಿಯವರು ಮೆಲ್ಲಗೆ ಕೆಮ್ಮಿದರು. "ಬರ್ದವ್ರೇ ಅದಕ್ಕ ಜವಾಬು ಬರ್ದ್ರ ನನಗ ಅಡ್ಡಿ ಏನಿಲ್ರಿ. ಮೂರು ತಿಂಗಳು ನೋಡೂಣಂತ ಹಾಕಬಹುದು."

ಪ್ರಮಿಳಾ ಎದ್ದಳು. ಕಪಾಟಿನಿಂದ ಬಿಳಿ ಹಾಳೆ ತಂದು ಅಪ್ಪನ ಮುಂದಿಟ್ಟಳು. ಪೆನ್ನು ಕೈಗೆ ಕೊಟ್ಟಳು.

"ನಾ ಹೇಳ್ತೀನಿ, ನೀ ಬರಿ" ಎಂದಳು. "ಸದರಿ ಹೊಳೆಮಡ್ಡಿ ಗ್ರಾಮದಲ್ಲಿ ಪ್ರಮಿಳಾ ಎಂಬ ನನ್ನ ಮಗಳ ಪಡಸಾಲಿ ಐತಿ."

"ಇರುತ್ತದೆ ಅಂತ ಬರೀಬೇಕವಾ" ಎಂದರು ಮಾವನವರು, ಅಂಥ ಹೊತ್ತಿನಲ್ಲೂ.

"ಐತಿ ಅಂತ ಬರಿ. ಇರೂದು ಗಟ್ಟಿ ಆಗ್ಲಿ."

ಐತಿ ಎಂದೇ ಬರೆದರು. ಎರಡು ಹೊತ್ತು ರೊಟ್ಟಿ, ಪಲ್ಯ ಐತಿ. ಅಮಾವಾಸ್ಯೆಗೆ ಹೋಳಿಗೆ ಐತಿ. ಅಕ್ಷರ ಗುಂಡಗೇ ಬಂತು. ಕೊನೆಗೆ ಸಹಿ ಮಾಡಿ, 'ಕಂಟ್ರೋಲರ್' ಎಂದು ಬರೆಯಲು ಹೋಗಿ ನಿಲ್ಲಿಸಿ, 'ಪ್ರಮಿಳಾಳ ತಂದೆ' ಎಂದು ಬರೆದರು.

ಅದೇ ಸಂಜೆ ಸಾಂಬ್ರಾದಿಂದ ಸಿಂಗಾಪುರದ ಜಂಬೋವನ್ನು ಅವರೇ ತಮ್ಮ ಬೆರಳಿನಿಂದ ತೆಗೆದರು. ಕೆಂಪು ವಿಮಾನ ಮೊದಲ ಸುತ್ತಿಗೇ ಇಳಿಯಿತು.

ಜೂನ್ ಹದಿನೆಂಟಕ್ಕೆ ಮಂಜೂರಾತಿ ಬಂತು. ಇಪ್ಪತ್ತರೊಳಗೆ ನಾಲ್ಕೂ ಹುಡುಗಿಯರು ಕಾಲೇಜಿಗೆ ಹೆಸರು ಹಚ್ಚಿದರು. ನಿಪ್ಪಾಣಿಯವರಿಗೆ ಪ್ರಮಿಳಾಳ ಗಂಡನೇ ಫೋನ್ ಮಾಡಿ ಇನ್ನೆರಡು ವರ್ಷ ತಡೆಯಿರಿ ಎಂದ. ಡ್ರೈವರ್ ಕಂಡಕ್ಟರ್ ಮಲಗುವ ಜಾಗ ಎಂದು ಅಮರ ರಜೆ ಹಾಕಿ ಹೋಗಿ ಹೊಳೆಮಡ್ಡಿಯ ಪಡಸಾಲೆಗೆ ತನ್ನ ಕೈಯಾರೆ ಸುಣ್ಣ ಹೊಡೆದು ಬಂದ. ನನ್ನ ಗೋಡೆ ಈಗಲೂ ಹಾಗೇ ಇದೆ.

ಜುಲೈ ಮೊದಲ ವಾರ ನಾವೆಲ್ಲ ಹೊಳೆಮಡ್ಡಿಗೆ ಹೋದೆವು. ಬೆಳಗಾದಾಗ ಅಂಗಳದಲ್ಲಿ ನಿಜವಾದ ಕೆಂಪು ಬಸ್ಸು ನಿಂತಿತ್ತು, ಎರಡೂ ಮಗ್ಗಲಲ್ಲಿ ಅಕ್ಷರ ನೆಟ್ಟಗೆ. ಹಾಲಿನ ಕ್ಯಾನುಗಳು ಏರಿದವು, ಕೊಡೆ ಹಿಡಿದ ನಾಲ್ಕು ಹುಡುಗಿಯರು ಏರಿದರು. ಕಾಲೇಜು ತೋರಿಸಿ ಬರುತ್ತೇನೆ ಎಂದು ಪ್ರಮಿಳಾ ಕೂಡ ಹೊಸ ಸೀರೆ ಉಟ್ಟು ಏರಿದಳು. ತೋರಿಸುವುದೇನು, ಅವಳೇ ನೋಡಿರಲಿಲ್ಲ. ಮಾವನವರು ಕೈಗಡಿಯಾರ ನೋಡುತ್ತ, ಕಂಕುಳಲ್ಲಿ ನೋಟ್‌ಬುಕ್ ಹಿಡಿದು ಬಸ್ಸಿನ ಪಕ್ಕ ನಿಂತಿದ್ದರು.

"ಆರಕ್ಕ ಬಿಡಬೇಕಾಗಿತ್ತು. ಎರಡು ನಿಮಿಷ ತಡ ಆತು" ಎಂದರು ಡ್ರೈವರನಿಗೆ.

ಪ್ರಮಿಳಾ ಕಿಟಕಿಯಿಂದ ತಲೆ ಹೊರಹಾಕಿದಳು. "ಎರಡು ನಿಮಿಷ ಅಲ್ಲಪ್ಪಾ. ಹತ್ತೊಂಬತ್ತು ವರ್ಷ" ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದಳು. ಬಸ್ಸು ಹೊರಟಿತು.

ಮಾವನವರು ಕಟ್ಟೆಯ ಮೇಲೆ ಕೂತು ನೋಟ್‌ಬುಕ್ ತೆರೆದು ಬಹಳ ಹೊತ್ತು ಬರೆದರು. ಅವರು ಮುಖ ತೊಳೆಯಲು ಹೋದಾಗ ನಾನು ಕದ್ದು ನೋಡಿದೆ.

'ಹೊಳೆಮಡ್ಡಿ ವಸ್ತಿ. ತಡ: 19 ವರ್ಷ, 2 ನಿಮಿಷ. ಕಾರಣ: ಕಂಟ್ರೋಲರ್.'